ಬಸುರಿ ಅಂತ ಕೆಲಸ ಹೋಯಿತು, ಹಾಗಂತ ತೋರಿಸಲು ಒಂದು ಕಾಗದವೂ ಇರಲಿಲ್ಲ

ಪೀಣ್ಯ ಕಡೆಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಐದು ವರ್ಷ ಕೆಲಸ ಮಾಡಿದ್ದೆ. 2024ರ ಆಗಸ್ಟ್ ಕೊನೆಗೆ ಆ ಕೆಲಸ ಹೋಯಿತು. ಆಗ ನನಗೆ ನಾಲ್ಕು ತಿಂಗಳು. ಕಂಪನಿಯ ಹೆಸರು ಬೇಡ. ನಾನು ಎಲ್ಲೆಲ್ಲಿ ಎಡವಿದೆ ಅನ್ನುವುದು ಗೊತ್ತಾದರೆ ಸಾಕು, ಇನ್ನೊಬ್ಬರು ಅಲ್ಲಿ ಎಡವಬಾರದು.

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತೆ ಅಂತ ಅಮ್ಮ ಹೇಳಿದ್ದರು. ಹಾಗಾಗಿ ಸ್ಕ್ಯಾನಿಂಗ್‌ಗೆ ಹೋದ ದಿನಗಳಲ್ಲೂ ರಜೆ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಅಂತಲೇ ಬರೆದೆ. ಆಮೇಲೆ ಒಂದು ದಿನ ಊಟ ಮುಗಿಸಿ ಬರುವಾಗ ಮ್ಯಾನೇಜರ್ ಕ್ಯಾಬಿನ್ ಬಾಗಿಲಲ್ಲಿ ನಿಂತು ಬಾಯಿಮಾತಲ್ಲಿ ಹೇಳಿದೆ. "ಒಳ್ಳೇದಮ್ಮಾ. ಆದ್ರೆ ಮಾರ್ಚ್ ಕ್ಲೋಸಿಂಗ್‌ಗೆ ಯಾರಿರ್ತಾರೆ?" ಅಂದರು. ಹೆರಿಗೆ ರಜೆ 26 ವಾರ, ಅಂದರೆ ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ನಾನು ಇರುವುದಿಲ್ಲ. ಅವರ ತಲೆಯಲ್ಲಿ ಓಡಿದ್ದು ಅದೇ.

ಎರಡು ವಾರದ ನಂತರ ಎಚ್‌ಆರ್ ಮೇಡಂ ಕರೆದರು. ಕೆಲಸ ತೃಪ್ತಿಕರವಾಗಿಲ್ಲ ಅಂದರು. "ನಾವೇ ತೆಗೆದರೆ ಮುಂದೆ ಎಲ್ಲೂ ಸೇರಿಸಿಕೊಳ್ಳಲ್ಲ. ರಾಜೀನಾಮೆ ಕೊಟ್ಟುಬಿಡಿ, ಎಕ್ಸ್‌ಪೀರಿಯನ್ಸ್ ಲೆಟರ್ ಚೆನ್ನಾಗಿ ಕೊಡ್ತೀವಿ" ಅಂದರು. ಏಪ್ರಿಲ್‌ನಲ್ಲಷ್ಟೇ ನನಗೆ ಒಳ್ಳೆ ರೇಟಿಂಗ್ ಬಂದಿತ್ತು. ಆದರೆ ಆ ಹೊತ್ತಿಗೆ ಕೈ ನಡುಗುತ್ತಿತ್ತು, ಬಾಯಿಂದ ಮಾತೇ ಹೊರಡಲಿಲ್ಲ. ಅವರು ಹೇಳಿದಂತೆ ‘ವೈಯಕ್ತಿಕ ಕಾರಣದಿಂದ’ ಅಂತ ನನ್ನ ಕೈಯಾರೆ ಬರೆದು ಸಹಿ ಹಾಕಿದೆ. ಸಂಜೆಗೆ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡರು, ಮೇಲ್ ಬಂದ್. ರೇಟಿಂಗ್ ಪತ್ರ ಇದ್ದದ್ದು ಆ ಮೇಲ್‌ನಲ್ಲಿ ಮಾತ್ರ.

ಡೈರಿ ಸರ್ಕಲ್ ಹತ್ತಿರದ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ದೂರು ಕೊಟ್ಟೆ. ಕಂಪನಿಯ ಉತ್ತರ ಚಿಕ್ಕದು. ಇವರು ಗರ್ಭಿಣಿ ಅನ್ನುವುದೇ ನಮಗೆ ಗೊತ್ತಿರಲಿಲ್ಲ, ತಾವಾಗಿಯೇ ಬಿಟ್ಟು ಹೋಗಿದ್ದಾರೆ. ಜೊತೆಗೆ ನನ್ನದೇ ಕೈಬರಹದ ಪತ್ರ, ನನ್ನದೇ ರಜೆ ಅರ್ಜಿಗಳು.

ವಕೀಲರು ಸಿಟ್ಟಾಗಲಿಲ್ಲ, ಬೇಜಾರು ಮಾಡಿಕೊಂಡರು. "ನೋಡಮ್ಮಾ, ಬಸುರಿ ಅಂತ ತೆಗೆದೆವು ಅಂತ ಯಾವ ಕಂಪನಿಯೂ ಬರೆದುಕೊಡಲ್ಲ. ನಾವು ತಾರೀಕುಗಳನ್ನು ಜೋಡಿಸಿ ತೋರಿಸಬೇಕು" ಅಂದರು. ಏಪ್ರಿಲ್‌ನಲ್ಲಿ ಒಳ್ಳೆ ರೇಟಿಂಗ್. ಆಗಸ್ಟ್‌ನಲ್ಲಿ ವಿಷಯ ತಿಳಿಸಿದ್ದು. ಎರಡೇ ವಾರಕ್ಕೆ ಕೆಲಸ ಸರಿಯಿಲ್ಲ ಅನ್ನುವ ಮಾತು. ನನಗಿಂತ ಕಡಿಮೆ ರೇಟಿಂಗ್ ಇದ್ದವರು ಅಲ್ಲೇ ಉಳಿದದ್ದು. ಇವೆಲ್ಲ ಒಟ್ಟಿಗೆ ಸೇರಿದರೆ ಕೇಸಿಗೆ ಬಲ ಬರುತ್ತದೆ. ಕೊಲೆ ಕೇಸಿನ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ. ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ನೋಡುತ್ತಾರೆ. ಕಾರ್ಮಿಕ ನ್ಯಾಯಾಲಯ ಸಾಕ್ಷ್ಯ ಕಾಯ್ದೆಯನ್ನು ಅಕ್ಷರಕ್ಕೆ ಅಕ್ಷರ ಹಿಡಿದು ಕೂರುವುದೂ ಇಲ್ಲ. ಆದರೂ ಏನಾದರೂ ಒಂದು ಕೈಯಲ್ಲಿರಬೇಕಲ್ವಾ? ವಿಷಯ ತಿಳಿಸಿದ್ದಕ್ಕೆ ಒಂದು ಸಾಲಿನ ಪುರಾವೆಯೂ ನನ್ನ ಹತ್ತಿರ ಇರಲಿಲ್ಲ.

ಇದ್ದದ್ದು ಒಂದೇ. ಸಹೋದ್ಯೋಗಿಯೊಬ್ಬಳು ವಾಟ್ಸಾಪ್‌ನಲ್ಲಿ, "ಅಕ್ಕಾ, ಹೆರಿಗೆಗೆ ಹೋಗೋರನ್ನ ಇಟ್ಕೊಂಡು ಏನು ಮಾಡೋದು ಅಂತ ಮೀಟಿಂಗ್‌ನಲ್ಲಿ ಹೇಳಿದ್ರು" ಅಂತ ಬರೆದಿದ್ದಳು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಆಮೇಲೆ ದಸರಾ ಆಫರ್‌ನಲ್ಲಿ ಹಳೆ ಫೋನ್ ಕೊಟ್ಟು ಹೊಸದು ತಗೊಂಡೆ. ಎಷ್ಟು ದೊಡ್ಡ ತಪ್ಪು ಅದು! ಹಳೆ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಇಂಥ ಪ್ರತಿಗೆ, ಅದು ಯಾವ ಫೋನಿನಿಂದ ಹೇಗೆ ತೆಗೆದದ್ದು ಅಂತ ಹೇಳುವ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದು ನಾವು ಕೊಡುವುದು, ಇನ್ನೊಂದು ತಜ್ಞರು ಕೊಡುವುದು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ, ಅಂದರೆ ಫೈಲನ್ನು ಆಮೇಲೆ ತಿದ್ದಿದರೆ ಗೊತ್ತಾಗುವಂಥ, ಅದರ ಬೆರಳಚ್ಚಿನಂಥ ಗುರುತನ್ನೂ ಬರೆಯಬೇಕು. ಹಳೆ ಕಾಯ್ದೆ ಇದ್ದಾಗಲೇ, 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಕೇಸಿನಲ್ಲಿ, ಪ್ರತಿ ಮಾತ್ರ ಕೊಡುವುದಾದರೆ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಮೂಲ ಫೋನನ್ನೇ ಅದರ ಒಡೆಯರು ಬಂದು ಹಾಜರುಪಡಿಸಿದರೆ ಅದು ಬೇಡ ಅಂತಲೂ ಹೇಳಿತ್ತು. ನನ್ನ ಮೂಲ ಫೋನು ಯಾವ ಅಂಗಡಿ ಸೇರಿತೋ.

ಫೋನ್ ಇದ್ದಿದ್ದರೂ ಇನ್ನೊಂದು ತೊಡಕಿತ್ತು. ಮ್ಯಾನೇಜರ್ ಮಾತನ್ನು ಕಿವಿಯಾರೆ ಕೇಳಿದವಳು ಅವಳು, ನಾನಲ್ಲ. ಅವಳೇ ಬಂದು ಹೇಳಬೇಕು. ಕೇಳಿದಾಗ ಫೋನಿನಲ್ಲೇ ಅತ್ತುಬಿಟ್ಟಳು. ಮನೆ ಸಾಲ ಇದೆ ಅಕ್ಕಾ ಅಂದಳು. ಅವಳ ಮೇಲೆ ನನಗೆ ಖಂಡಿತ ಕೋಪವಿಲ್ಲ.

ಕೊನೆಗೆ ಎರಡು ತಿಂಗಳ ಸಂಬಳಕ್ಕೆ ರಾಜಿಯಾಯಿತು. ತುಂಬಿದ ಹೊಟ್ಟೆ ಹೊತ್ತು ಕಾರ್ಮಿಕ ಭವನದ ಮೆಟ್ಟಿಲು ಹತ್ತುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ದಯವಿಟ್ಟು ಅಲ್ಲೇ, ಆ ಕ್ಷಣಕ್ಕೇ ರಾಜೀನಾಮೆ ಬರೆಯಬೇಡಿ. ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ ಅಂತ ಎದ್ದು ಬನ್ನಿ. ಬರೆದೇ ಬಿಟ್ಟಿದ್ದರೆ, ಒತ್ತಾಯದಿಂದ ಬರೆಸಿಕೊಂಡರು ಅಂತ ಮರುದಿನವೇ ಮೇಲ್ ಹಾಕಿ. ನಾನು ಹಾಗೆ ಮಾಡಿದ್ದರೆ ಕೇಸೇ ಬೇರೆ ಇರುತ್ತಿತ್ತು ಅಂತ ವಕೀಲರು ಎಷ್ಟು ಸಲ ಹೇಳಿದರೋ. ನಿಮ್ಮ ನೇಮಕಾತಿ ಪತ್ರ, ರೇಟಿಂಗ್, ಸಂಬಳದ ಚೀಟಿಗಳ ಪ್ರತಿ ಮನೆಯಲ್ಲಿರಲಿ. ಆದರೆ ಕಂಪನಿಯ ಗುಟ್ಟಿನ ಫೈಲುಗಳಿಗೆ ಕೈ ಹಾಕಬೇಡಿ, ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ. ಕಂಪನಿ ಹತ್ತಿರ ಇರುವ ದಾಖಲೆ ತರಿಸಿ ಅಂತ ನ್ಯಾಯಾಲಯವನ್ನು ಕೇಳಬಹುದು. ತರಿಸಿದರೂ ಕೊಡದಿದ್ದರೆ, ಅದು ಅವರಿಗೇ ವಿರುದ್ಧವಾಗಿದೆ ಅಂತ ನ್ಯಾಯಾಲಯ ಅಂದುಕೊಳ್ಳಬಹುದು. ಇದು ನನಗೆ ತಿಳಿದದ್ದು ರಾಜಿಗೆ ಸಹಿ ಹಾಕಿದ ಮೇಲೆ.

ನನ್ನ ಕಾಲಕ್ಕೆ ಇದ್ದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 26 ವಾರದ ರಜೆ ಹಾಗೇ ಇದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಅನ್ನುವುದೂ ಇದೆ.

ಹೋದ ತಿಂಗಳು ನಾದಿನಿ ಸಿಹಿಸುದ್ದಿ ಹೇಳಿದಳು. ಅವತ್ತು ರಾತ್ರಿಯೇ ಪಕ್ಕದಲ್ಲಿ ಕೂತು ಅವಳ ಆಫೀಸಿಗೆ ಮೇಲ್ ಬರೆಸಿದೆ. ಡಾಕ್ಟರ್ ಕೊಟ್ಟ ತಾರೀಕು ಹಾಕಿ, ಚೀಟಿ ಲಗತ್ತಿಸಿ, ಒಂದು ಪ್ರತಿ ಅವಳ ಸ್ವಂತ ಮೇಲ್‌ಗೆ. ಬೆಳಿಗ್ಗೆ ‘ಶುಭಾಶಯ, ಗಮನಿಸಿದ್ದೇವೆ’ ಅಂತ ಉತ್ತರ ಬಂತು. ಪ್ರಿಂಟ್ ತೆಗೆಸಿ ಸ್ಕ್ಯಾನಿಂಗ್ ಫೈಲಿನ ಜೊತೆಗೇ ಇಟ್ಟಿದ್ದೇವೆ.