ಪಿಸಿಬಿ: ಕೊರೆಯೋದಾ, ಕರಗಿಸೋದಾ, ತರಿಸೋದಾ?

ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಮಣ್ಣಿನ ತೇವ ಅಳೆಯೋ ಸರ್ಕ್ಯೂಟ್ ಮಾಡ್ತಿದ್ದೀನಿ, ಅದರ ಪಿಸಿಬಿ (ಬಿಡಿಭಾಗಗಳನ್ನು ಕೂರಿಸಿ ತಾಮ್ರದ ಪಟ್ಟಿಗಳಿಂದ ಜೋಡಿಸೋ ಬೋರ್ಡ್) ಹೇಗೆ ಮಾಡಲಿ ಅಂತ ಕೇಳಿದ್ದೀರಿ.

ದಿನಕ್ಕೊಂದು ಸಲ ಡಿಸೈನ್ ಬದಲಾಗ್ತಿದ್ದರೆ ಕಂಪ್ಯೂಟರ್ ಹೇಳಿದಂತೆ ಬೋರ್ಡಿನ ತಾಮ್ರ ಕೊರೆಯೋ, 3018 ಮಾಡೆಲ್ ಥರದ ಚಿಕ್ಕ ಸಿಎನ್‌ಸಿನೇ ಅನುಕೂಲ. ಬೆಳಿಗ್ಗೆ ಗೀಚಿದ್ದು ಸಂಜೆಗೆ ಕೈಯಲ್ಲಿರುತ್ತದೆ. ಆದರೆ ನಿಖರತೆಯೆಲ್ಲ ಆಳದ ಮೇಲೆ ನಿಂತಿದೆ. ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್. ಬೋರ್ಡಿನ ಬಾಗು ಎಷ್ಟೋ ಸಲ ಅದಕ್ಕಿಂತ ಜಾಸ್ತಿ. ಒಂದು ಮೂಲೆಯಲ್ಲಿ ಬಿಟ್ (ಕೊರೆಯೋ ಮೊನೆ) ತಾಮ್ರವನ್ನು ಸುಮ್ಮನೆ ಸವರಿದರೆ, ಇನ್ನೊಂದು ಮೂಲೆಯಲ್ಲಿ ಟ್ರ್ಯಾಕನ್ನೇ (ಕರೆಂಟ್ ಹರಿಯೋ ತಾಮ್ರದ ಪಟ್ಟಿ) ತಿಂದುಹಾಕುತ್ತದೆ. 60 ಡಿಗ್ರಿ ವಿ-ಬಿಟ್ (ವಿ ಆಕಾರದ ಮೊನೆ) 0.1 ಮಿ.ಮೀ. ಹೆಚ್ಚು ಇಳಿದರೆ ಕೊರೆದ ಗೆರೆ ಸುಮಾರು 0.115 ಮಿ.ಮೀ. ಹೆಚ್ಚು ಅಗಲವಾಗುತ್ತದೆ, 30 ಡಿಗ್ರಿಯದ್ದಾದರೆ ಅದರ ಅರ್ಧವೂ ಇಲ್ಲ. ಬಿಟ್‌ಗೊಂದು, ತಾಮ್ರಕ್ಕೊಂದು ಮೆಷಿನ್ನಿನ ವೈರಿನ ಕ್ಲಿಪ್ ಸಿಕ್ಕಿಸಿ, ಬಿಟ್ ತಾಗಿದ ಕಡೆಯೆಲ್ಲ ಬೋರ್ಡಿನ ಎತ್ತರ ಗುರುತಿಸೋ ಹೈಟ್ ಮ್ಯಾಪ್ ತೆಗೆಯದೆ ಶುರು ಮಾಡಲೇಬೇಡಿ. ಏಳೋದು ಗಾಜಿನ ನಾರಿನ ಧೂಳು, ಮಾಸ್ಕ್ ಬೇಕೇ ಬೇಕು.

ವರ್ಷಕ್ಕೆ ಎರಡೇ ಬೋರ್ಡು ಅನ್ನೋರಿಗೆ ಮೆಷಿನ್ ದಂಡ. ಬೇಡದ ತಾಮ್ರವನ್ನು ಕರಗಿಸೋ ಫೆರಿಕ್ ಕ್ಲೋರೈಡ್ ದ್ರಾವಣ ಸಾಕು. ತೂತು ಮಾತ್ರ ಕೈಯಲ್ಲೇ ಕೊರೆಯಬೇಕು. ದ್ರಾವಣದ ಕಂದು ಕಲೆ ಬಟ್ಟೆಯಿಂದ ಹೋಗಲ್ಲ (ನನ್ನ ಒಂದು ಪಂಚೆ ಹೋಯ್ತು), ಬಳಸಿದ ದ್ರಾವಣವನ್ನು ಮೋರಿಗೆ ಸುರಿಯೋ ಹಾಗಿಲ್ಲ.

ಆದರೆ ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನಿಲ್ಲಬೇಕಾದ್ದಕ್ಕೆ ಕಾರ್ಖಾನೆಯಿಂದಲೇ ತರಿಸಿ, ಕೊರಿಯರ್ ಕಾಯೋದಾದರೂ ಸರಿ. ಅಲ್ಲಿ ಹಾಕೋ ಸೋಲ್ಡರ್ ಮಾಸ್ಕ್ (ತಾಮ್ರವನ್ನು ಮುಚ್ಚೋ ರಕ್ಷಣೆಯ ಪದರ) ಇಲ್ಲದ ತಾಮ್ರ ತೇವಕ್ಕೆ ಹಸಿರುಗಟ್ಟುತ್ತದೆ. ಪರೀಕ್ಷೆಗೆ ಮನೇಲಿ ಕೊರೆದದ್ದು, ತೋಟಕ್ಕೆ ತರಿಸಿದ್ದು: ನಾನಾಗಿದ್ದರೆ ಹಾಗೆ.