ಬೇಕಲ ಕೋಟೆಯೊಳಗೆ ಕ್ಯಾಮೆರಾ ನಡೆಸಲು: ಮೆಶ್ಶಾ, ಸ್ಪ್ಲಾಟಾ?

ಬೇಕಲ ಕೋಟೆಯನ್ನು ಫೋನಿನಲ್ಲೇ ಸುತ್ತಾಡುವ ಹಾಗೆ ಮಾಡಬೇಕು, ಮೆಶ್, ಸ್ಪ್ಲಾಟ್ ಅನ್ನುವ ಎರಡು 3D ವಿಧಾನಗಳಲ್ಲಿ ಯಾವುದು ಒಳ್ಳೆಯದು ಅಂತ ಕಾಸರಗೋಡಿನ ಗೆಳೆಯನೊಬ್ಬ ಕೇಳಿದ. ಕೋಟೆ ಸುಮಾರು 40 ಎಕರೆ. ಇಲ್ಲಿ ಕ್ಯಾಮೆರಾ ಅಂದರೆ ಮಾದರಿಯೊಳಗೆ ನೋಡುವವರ ಕಣ್ಣು; ಅದು ಅಲುಗಿದಾಗಲೆಲ್ಲ ಹೊಸ ಚಿತ್ರ, ಅಂದರೆ ಫ್ರೇಮ್, ಬೇಕು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್ ಅಷ್ಟೇ.

ಮೆಶ್ ಅಂದರೆ ತ್ರಿಕೋನಗಳಿಂದ ಕಟ್ಟಿದ ಮಾದರಿ. ಇದರಲ್ಲಿ ಕೆಲಸ ಉಳಿಸುವ ದಾರಿ ಜಾಸ್ತಿ. ನೋಟದ ಹೊರಗಿನದನ್ನು ಬರೆಯದೆ ಬಿಡಬಹುದು. ದೂರದ ಬುರುಜಿಗೆ ಕಡಿಮೆ ತ್ರಿಕೋನ ಸಾಕು. ಹತ್ತಿರ ಬಂದಾಗ ಮಾದರಿ ಫಕ್ಕನೆ ಬದಲಾಗುವುದು ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಕೆಂಪುಕಲ್ಲಿನ ಗೋಡೆ ಪರವಾಗಿಲ್ಲ, ಹುಲ್ಲು ರಟ್ಟು ಕತ್ತರಿಸಿ ನಿಲ್ಲಿಸಿದ ಹಾಗಿರುತ್ತದೆ.

2023ರಲ್ಲಿ ಬಂದ ಗಾಸಿಯನ್ ಸ್ಪ್ಲಾಟಿಂಗ್‌ನಲ್ಲಿ ಹುಲ್ಲು ಹುಲ್ಲಾಗಿಯೇ ಕಾಣುತ್ತದೆ. ಫೋಟೋಗಳಿಂದ ಲಕ್ಷಗಟ್ಟಲೆ ಮಸುಕು ಚುಕ್ಕೆ ಮಾಡಿಕೊಳ್ಳುತ್ತದೆ. ಆದರೆ ನೋಟ ಬದಲಾದಂತೆ ಆ ಚುಕ್ಕೆಗಳನ್ನು ದೂರದ ಲೆಕ್ಕದಲ್ಲಿ ಮತ್ತೆ ಸಾಲಾಗಿ ಜೋಡಿಸಬೇಕು. ಹಳೆಯ ಫೋನು ದೋಸೆ ಕಾವಲಿ ಆಗುತ್ತದೆ! ಫೋಟೋ ತೆಗೆಯದ ಮೂಲೆಗೆ ಹೋದರೆ ಚಿತ್ರವೂ ಕದಡುತ್ತದೆ.

360 ಡಿಗ್ರಿ ಫೋಟೋ? ಸುಮ್ನೆ ನಿಂತಲ್ಲೇ ತಿರುಗಬಹುದು, ನಡೆಯಲು ಆಗುವುದಿಲ್ಲ. ಬಿಡಿ.

ಇಡೀ ಕೋಟೆಗೆ ನಾನು ಮೆಶ್ಶೇ ಅನ್ನುತ್ತೇನೆ. ಕಡಲ ಕಡೆಯ ಒಂದು ಬುರುಜು ಸಾಕು ಅಂದರೆ ಸ್ಪ್ಲಾಟ್.