ಅಪ್‌ಡೇಟ್ ಒತ್ತುವ ಮುನ್ನ: ಸ್ಟೆಲೇರಿಯಂ, ಕೆಸ್ಟಾರ್ಸ್, ಸ್ಕೈಚಾರ್ಟ್

2024ರ ಸೆಪ್ಟೆಂಬರ್ ಕೊನೆ, ಬೆಳಗಿನ ಜಾವ ಸುಮಾರು ಐದು ಗಂಟೆ. ದೇವರಾಯನದುರ್ಗದ ಬಂಡೆಯೊಂದರ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದೆ. ಪಕ್ಕದಲ್ಲಿ ಅಕ್ಕನ ಮಗ, ಕೊರಳಲ್ಲಿ ನನ್ನ ಬೈನಾಕ್ಯುಲರ್. ನೋಡಬೇಕಿದ್ದದ್ದು ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು. ಸೆಪ್ಟೆಂಬರ್ 27ಕ್ಕೆ ಸೂರ್ಯನಿಗೆ ತೀರ ಹತ್ತಿರ ಬಂದು, ಆ ವಾರ ಪೂರ್ವ ದಿಗಂತದಲ್ಲಿ ಬೆಳಕು ಹರಿಯುವ ಮೊದಲು ಅರ್ಧ ಗಂಟೆಯಷ್ಟು ಹೊತ್ತು ಮಾತ್ರ ಕೈಗೆ ಸಿಗುತ್ತಿತ್ತು.

"ಎಲ್ಲೈತೆ ಮಾಮ?"

ಯಾವ ಹೊತ್ತಿಗೆ ಆಕಾಶದಲ್ಲಿ ಏನು ಎಲ್ಲಿದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಸ್ಕೈಚಾರ್ಟ್ ಎಂಬ ತಂತ್ರಾಂಶದ ಹೊಸ ಆವೃತ್ತಿಯನ್ನು ಹಿಂದಿನ ರಾತ್ರಿಯಷ್ಟೇ ಹಾಕಿಕೊಂಡಿದ್ದೆ. ಹುಡುಕುವ ಜಾಗದಲ್ಲಿ ಹೆಸರು ಟೈಪಿಸಿದೆ. ಇಲ್ಲ. ಮತ್ತೆ ಟೈಪಿಸಿದೆ. ಇಲ್ಲ. ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ಲೂ ಇಲ್ಲ. ಆಮೇಲೆ ಹೊಳೆಯಿತು: ತಂತ್ರಾಂಶ ಹೊಸದು, ಆದರೆ ಧೂಮಕೇತುಗಳ ಕಡತವನ್ನು ನಾನು ಇಳಿಸಿಕೊಂಡೇ ಇರಲಿಲ್ಲ. ಪೆದ್ದುತನ ನನ್ನದೇ. ಅಂಥದ್ದೇ ಇನ್ನೊಂದು ತಂತ್ರಾಂಶ ಸ್ಟೆಲೇರಿಯಂ ತೆರೆದೆ, ಅದರಲ್ಲಿ ಹೋದ ತಿಂಗಳೇ ತುಂಬಿಸಿದ್ದೆ. ಮಖಾ ನಕ್ಷತ್ರದಿಂದ ಬಲಕ್ಕೆ, ಕೆಳಗೆ ಅಂತ ತೋರಿಸಿತು. ಹುಡುಗ ಬೈನಾಕ್ಯುಲರ್ ಎತ್ತಿದ, ಎರಡು ನಿಮಿಷ ಮಾತಿಲ್ಲ, ಆಮೇಲೆ "ಪೊರಕೆ ಇದ್ದಂಗೈತೆ" ಅಂದ.

ಅಪ್‌ಡೇಟ್ ಅನ್ನೋ ಒಂದೇ ಪದದಡಿ ಎರಡು ಬೇರೆ ಕೆಲಸ ಇವೆ ಅನ್ನುವುದು ನನಗೆ ಸರಿಯಾಗಿ ನಾಟಿದ್ದು ಆವತ್ತು. ತಂತ್ರಾಂಶ ಹೊಸದಾಗುವುದು ಒಂದು, ಅದರೊಳಗಿನ ಆಕಾಶ ಹೊಸದಾಗುವುದು ಇನ್ನೊಂದು. ಅದಾದ ಮೇಲೆ ಈ ಎರಡರ ಜೊತೆ ಕೆಸ್ಟಾರ್ಸ್ ಸೇರಿಸಿ ಮೂರನ್ನೂ ಅದೇ ಹಳೇ ಲ್ಯಾಪ್‌ಟಾಪಿನಲ್ಲಿ (4 ಜಿಬಿ ರ‍್ಯಾಮ್, ಒಂದು ಭಾಗದಲ್ಲಿ ವಿಂಡೋಸ್ 10, ಇನ್ನೊಂದರಲ್ಲಿ ಉಬುಂಟು) ಇಟ್ಟುಕೊಂಡು, ಯಾವುದು ಚೆಂದ ಕಾಣುತ್ತದೆ ಅನ್ನುವುದನ್ನು ಬಿಟ್ಟು, ಯಾವುದು ಹೇಗೆ ಹಳೆಯದಾಗುತ್ತದೆ ಎಂದು ನೋಡುತ್ತ ಬಂದಿದ್ದೇನೆ. ಮೂರೂ ಪುಕ್ಕಟೆ, ಮೂರೂ ಮುಕ್ತ ತಂತ್ರಾಂಶ.

ಮೊದಲು ಸ್ಟೆಲೇರಿಯಂ. ಫ್ರಾನ್ಸಿನ ಫಾಬಿಯಾನ್ ಶೆರೊ ಶುರು ಮಾಡಿದ ಇದು ಇಪ್ಪತ್ತು ವರ್ಷ ಸೊನ್ನೆಯಿಂದ ಶುರುವಾಗುವ ಆವೃತ್ತಿ ಸಂಖ್ಯೆಯಲ್ಲೇ ಕಾಲ ಕಳೆಯಿತು. 2022ರ ಅಕ್ಟೋಬರ್‌ನಲ್ಲಿ 1.0 ಬಂತು, ಮರುವರ್ಷದಿಂದ ಇಸವಿಯ ಲೆಕ್ಕ: 23.1, 23.2 ಹೀಗೆ, ಹೆಚ್ಚೂಕಡಿಮೆ ಮೂರು ತಿಂಗಳಿಗೊಂದು. ಪ್ರತಿ ಆವೃತ್ತಿಯ ಜೊತೆ ಏನೇನು ಸರಿಪಡಿಸಿದ್ದಾರೆ ಎಂಬ ಉದ್ದನೆಯ ಪಟ್ಟಿ ಇರುತ್ತದೆ. ಅದನ್ನು ಓದುವ ಚಟ ನನಗೆ. ಯಾವುದೋ ಉಪಗ್ರಹದ ನೆರಳು, ಯಾವುದೋ ದೇಶದ ಸಮಯವಲಯ, ಯಾವುದೋ ಜನಾಂಗದ ನಕ್ಷತ್ರಪುಂಜದ ಹೆಸರಿನ ಕಾಗುಣಿತ. ಇಷ್ಟು ಸಣ್ಣದನ್ನು ಜಗತ್ತಿನ ಯಾವ ಮೂಲೆಯವರು ಗಮನಿಸಿ ಬರೆದು ಕಳಿಸಿದರೋ ಅನ್ನಿಸುತ್ತದೆ.

ಇಷ್ಟು ಬೇಗ ಬೇಗ ಬರುವುದರಲ್ಲಿ ಒಂದು ತೊಂದರೆಯೂ ಇದೆ, ಅದು ಹಳೇ ಯಂತ್ರದವರಿಗೆ. 1.0ರ ಹೊತ್ತಿಗೆ ಇದು ಕ್ಯೂಟಿ 6 ಎಂಬ ಹೊಸ ಅಡಿಪಾಯಕ್ಕೆ ಹೊರಳಿತು. ಹಳೆಯ ಕ್ಯೂಟಿ 5ರ ಪ್ಯಾಕೇಜನ್ನೂ ಪಕ್ಕದಲ್ಲೇ ಕೊಡುತ್ತ ಬಂದಿದ್ದಾರೆ, ವಿಂಡೋಸ್ 7 ಇರುವವರಿಗೆ ಅದೇ ಗತಿ. ಡೌನ್‌ಲೋಡ್ ಮಾಡುವಾಗ ಎರಡು ಹೆಸರು ನೋಡಿ ತಬ್ಬಿಬ್ಬಾಗಬೇಡಿ. ಇನ್ನೊಂದು ವಿಷಯ, ಹಳೇ ಗ್ರಾಫಿಕ್ಸ್ ಇರುವ ಕಂಪ್ಯೂಟರಿನಲ್ಲಿ ಪರದೆ ಕಪ್ಪಗೇ ಉಳಿದರೆ ಕೂಡಲೇ ತೆಗೆದುಹಾಕಬೇಡಿ. ಕ್ಯೂಟಿ 5ರ ಪ್ಯಾಕೇಜ್ ಹಾಕಿಕೊಂಡಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಅದೇ ಹೆಸರಿನ ಪಕ್ಕ 'ಆ್ಯಂಗಲ್ ಮೋಡ್', 'ಮೆಸಾ ಮೋಡ್' ಅಂತ ಇನ್ನೆರಡು ಇರುತ್ತವೆ. ಮೆಸಾದಲ್ಲಿ ಎಲ್ಲವನ್ನೂ ಪ್ರೊಸೆಸರೇ ಬಿಡಿಸಬೇಕು, ಹಾಗಾಗಿ ಆಕಾಶ ಎತ್ತಿನ ಗಾಡಿ ವೇಗದಲ್ಲಿ ತಿರುಗುತ್ತದೆ. ಆದರೆ ತಿರುಗುತ್ತದೆ.

ನನ್ನದೇ ಒಂದು ಪ್ರಸಂಗ ಹೇಳಬೇಕು. ನಮ್ಮೂರ ಶಾಲೆಯ ಬಯಲಿನಿಂದ ಸುತ್ತ ಕಾಣುವ ದಿಗಂತವನ್ನು ಫೋಟೊ ತೆಗೆದು ಹೊಲಿದು, ಸ್ಟೆಲೇರಿಯಂಗೆ ಭೂದೃಶ್ಯವಾಗಿ ಹಾಕಿದ್ದೆ. ಮಕ್ಕಳಿಗೆ ತೋರಿಸುವಾಗ ನೀರಿನ ಟ್ಯಾಂಕಿನ ಮೇಲೆ ಗುರು ಹುಟ್ಟುವುದು ಪರದೆಯಲ್ಲೂ ಟ್ಯಾಂಕಿನ ಮೇಲೇ ಕಂಡರೆ ಅದರ ಗಮ್ಮತ್ತೇ ಬೇರೆ. ಒಂದು ಅಪ್‌ಡೇಟ್ ಆದ ಮೇಲೆ ತೆರೆದರೆ ಟ್ಯಾಂಕೂ ಇಲ್ಲ, ಬಯಲೂ ಇಲ್ಲ, ತಂತ್ರಾಂಶದ ಜೊತೆ ಬರುವ ಫ್ರಾನ್ಸಿನ ಹುಲ್ಲುಗಾವಲು. ಬಗ್ ಅಂತಲೇ ತೀರ್ಮಾನಿಸಿ ದೂರು ಬರೆಯಲು ಕೂತೆ. ದೂರಿನ ಜೊತೆ, ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಕಡತ ಇಟ್ಟರೆ ಒಳ್ಳೆಯದಲ್ಲವೇ, ಅದು ಬಳಕೆದಾರರ ಫೋಲ್ಡರಿನಲ್ಲಿ ಸಾದಾ ಪಠ್ಯವಾಗಿ ಬಿದ್ದಿರುತ್ತದೆ. ಅದನ್ನು ತೆರೆದು ಸಾಲು ಸಾಲು ಓದುತ್ತ ಹೋದಾಗ ಗೊತ್ತಾಯಿತು: ಕೇಳಿದ ಭೂದೃಶ್ಯ ಸಿಗಲಿಲ್ಲ, ಆದ್ದರಿಂದ ಮಾಮೂಲಿಯದನ್ನು ಹಾಕಿದೆ ಎಂದಿತ್ತು. ನನ್ನ ಫೋಲ್ಡರನ್ನು ನಾನು ಇಟ್ಟಿದ್ದು ತಂತ್ರಾಂಶ ಕೂತಿದ್ದ ಪ್ರೋಗ್ರಾಂ ಫೈಲ್ಸ್ ಒಳಗೆ. ಹೊಸ ಆವೃತ್ತಿ ಬರುವಾಗ ಹಳೆಯ ಮನೆ ಗುಡಿಸಿತು, ನನ್ನ ಬಯಲೂ ಕಸದ ಜೊತೆ ಹೋಯಿತು. ನಮ್ಮ ಸ್ವಂತದ್ದೆಲ್ಲ ಬಳಕೆದಾರರ ಫೋಲ್ಡರಿನಲ್ಲೇ ಇರಬೇಕು. ದೂರನ್ನು ಅಳಿಸಿ, ಪುಣ್ಯಕ್ಕೆ ಉಳಿದಿದ್ದ ಫೋಟೊಗಳಿಂದ ಮತ್ತೆ ಹೊಲಿದೆ.

ಅದೇ ಜಾಗದಲ್ಲಿ ಸೆಟ್ಟಿಂಗ್‌ಗಳ ಕಡತವೂ ಇದೆ. ತಂತ್ರಾಂಶ ಬದಲಾದರೂ ಅದು ಹಳೆಯದೇ ಉಳಿಯುವುದುಂಟು. ಅಪ್‌ಡೇಟ್ ಆದ ಮೇಲೆ ಏನಾದರೂ ವಿಚಿತ್ರವಾಗಿ ಆಡಿದರೆ ನಾನು ಮೊದಲು ಮಾಡುವುದು ಆ ಕಡತದ ಹೆಸರು ಬದಲಿಸಿ ಮತ್ತೆ ತೆರೆಯುವುದು. ಹತ್ತರಲ್ಲಿ ಆರೇಳು ಸಲ ಅಲ್ಲಿಗೇ ಮುಗಿದಿದೆ.

ಕೆಸ್ಟಾರ್ಸ್ ಇನ್ನೊಂದು ಥರ. ಇದು ಮುಕ್ತ ತಂತ್ರಾಂಶ ಬರೆಯುವ ಕೆಡಿಇ ಬಳಗದ ಕೂಸು, ಲಿನಕ್ಸಿನಲ್ಲಿ ಹುಟ್ಟಿ ಬೆಳೆದದ್ದು. ಉಬುಂಟುವಿನ ಸ್ವಂತ ಉಗ್ರಾಣದಲ್ಲಿ ಸಿಗುವ ಆವೃತ್ತಿ ಸಾಮಾನ್ಯವಾಗಿ ಹಳೆಯದು. ಅಲ್ಲಿ ಒಮ್ಮೆ ಒಳಗೆ ಹೋದದ್ದು ಮುಂದಿನ ಉಬುಂಟು ಬರುವ ತನಕ ಹೆಚ್ಚೇನೂ ಬದಲಾಗುವುದಿಲ್ಲ. ಸರಿಪಡಿಸಿದ್ದು ಬೇಗ ಬೇಕೆಂದರೆ ತಂತ್ರಾಂಶ ಬರೆಯುವವರದೇ ಪಿಪಿಎ, ಅಂದರೆ ಅವರ ಬೇರೆ ಉಗ್ರಾಣ, ಸೇರಿಸಿಕೊಳ್ಳಬೇಕು. ಸೇರಿಸಿಕೊಂಡೆ. ಟೆಲಿಸ್ಕೋಪನ್ನು ನಡೆಸುವ ಇಂಡಿ ಎಂಬ ಚಾಲಕಗಳ ಗುಂಪೂ ಅಲ್ಲಿಂದಲೇ ಬರುತ್ತದೆ. ಎರಡೂ ಒಟ್ಟಿಗೇ ಹೊಸದಾಗಬೇಕು, ಒಂದನ್ನು ಏರಿಸಿ ಇನ್ನೊಂದನ್ನು ಬಿಡುವುದು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡಂತೆ. ಆಕಾಶದ ಫೋಟೊ ತೆಗೆಯುವವರಿಗೆ ಇದರೊಳಗಿನ ಎಕೋಸ್ (ಟೆಲಿಸ್ಕೋಪು, ಕ್ಯಾಮೆರಾ ಎರಡನ್ನೂ ನಡೆಸುವ ಭಾಗ) ಪ್ರಾಣ. ನನ್ನದು ಕೈಯಲ್ಲಿ ದೂಡುವ ಡಾಬ್ಸೋನಿಯನ್ ಟೆಲಿಸ್ಕೋಪ್ ಆದ್ದರಿಂದ ಆ ಭಾಗದ ತೀರ್ಪು ಕೊಡಲು ನಾನು ಯೋಗ್ಯನಲ್ಲ. ವಿಂಡೋಸಿನಲ್ಲೂ ಕೆಸ್ಟಾರ್ಸ್ ಓಡುತ್ತದೆ, ಇಂಡಿ ಸರ್ವರ್ ಮಾತ್ರ ಅಲ್ಲಿ ನೇರವಾಗಿ ಓಡದು.

ಆದರೆ ಆಕಾಶವನ್ನು ಹೊಸದಾಗಿಸುವ ವಿಷಯದಲ್ಲಿ ಮೂರರಲ್ಲಿ ನನಗೆ ಹಿಡಿಸಿದ್ದು ಇದೇ. ಡೇಟಾ ಮೆನುವಿನ ಅಪ್‌ಡೇಟ್ಸ್‌ನಲ್ಲಿ ಧೂಮಕೇತು, ಕ್ಷುದ್ರಗ್ರಹ, ಕೃತಕ ಉಪಗ್ರಹ, ಸೂಪರ್‌ನೋವಾ ಒಂದರ ಕೆಳಗೊಂದು. ಒತ್ತಿದರೆ ಆಯಿತು. ಸ್ಟೆಲೇರಿಯಂನಲ್ಲಿ ಇದೇ ಕೆಲಸಕ್ಕೆ ಸೌರವ್ಯೂಹ ಸಂಪಾದಕ ಎಂಬ ಪ್ಲಗಿನ್ ಒಳಗೆ ಹೋಗಿ, ಧೂಮಕೇತು, ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರ್‌ನ ಪಟ್ಟಿ ತರಿಸಿ, ಬೇಕಾದ್ದಕ್ಕೆ ಟಿಕ್ ಹಾಕಿ ಸೇರಿಸಬೇಕು. ಕಷ್ಟವಲ್ಲ, ಜಾಗ ಗೊತ್ತಿರಬೇಕು ಅಷ್ಟೇ.

ಇದೆಲ್ಲ ಯಾಕೆ ಬೇಕು? ಧೂಮಕೇತುವಿನ ಕಕ್ಷೆಯ ಅಂಕಿಗಳು ಒಂದು ನಿರ್ದಿಷ್ಟ ದಿನಾಂಕಕ್ಕೆ ಸರಿಯಾಗಿರುತ್ತವೆ. ಗುರು, ಶನಿ ದಾರಿಯಲ್ಲಿ ಎಳೆದಾಡುತ್ತವೆ, ಧೂಮಕೇತುವಿನಿಂದ ಚಿಮ್ಮುವ ಅನಿಲವೂ ಸ್ವಲ್ಪ ತಳ್ಳುತ್ತದೆ. ದಿನಾಂಕದಿಂದ ದೂರ ಹೋದಷ್ಟೂ ಪರದೆಯ ಚುಕ್ಕೆ ಬೇರೆ ಕಡೆ, ಆಕಾಶದ ಪೊರಕೆ ಬೇರೆ ಕಡೆ. ಕೃತಕ ಉಪಗ್ರಹಗಳದ್ದು ಇನ್ನೂ ಅರ್ಜೆಂಟು. ಬಾಹ್ಯಾಕಾಶ ನಿಲ್ದಾಣವನ್ನು ಆಗಾಗ ಮೇಲಕ್ಕೆ ದೂಡುತ್ತಿರುತ್ತಾರೆ, ವಾರಗಟ್ಟಲೆ ಹಳೆಯ ಅಂಕಿ ನಂಬಿ ಮಕ್ಕಳನ್ನು ಬಯಲಿಗೆ ಕರೆದರೆ ಮಾನ ಹೋಗುತ್ತದೆ. ಆ ಅಂಕಿಗಳ ಎರಡು ಸಾಲಿನ ನಮೂನೆ ಪಂಚ್ ಕಾರ್ಡ್ ಕಾಲದ್ದು, ಅದರಲ್ಲಿ ಉಪಗ್ರಹದ ಸಂಖ್ಯೆಗೆ ಐದೇ ಅಂಕಿಯ ಜಾಗ. ಐದಂಕಿ ತುಂಬಿಹೋದ ಮೇಲೆ ಬೇರೆ ನಮೂನೆಯನ್ನು ಓದಲು ಬಾರದ ಹಳೆಯ ಆವೃತ್ತಿಗಳಿಗೆ ಹೊಸ ಉಪಗ್ರಹಗಳು ಕಾಣುವುದೇ ಇಲ್ಲ. ಆಗ ತಂತ್ರಾಂಶವನ್ನೇ ಬದಲಿಸದೆ ವಿಧಿಯಿಲ್ಲ.

ಸ್ಕೈಚಾರ್ಟ್, ಪೂರ್ತಿ ಹೆಸರು ಕಾರ್ಟ್ ದು ಸಿಯೆಲ್, ಪ್ಯಾಟ್ರಿಕ್ ಶೆವಾಲೆ ಎಂಬುವರದು. ಲಜಾರಸ್‌ನಲ್ಲಿ, ಅಂದರೆ ಪ್ಯಾಸ್ಕಲ್ ಭಾಷೆಯಲ್ಲಿ ಬರೆದದ್ದು. ನೋಡಲು ತೊಂಬತ್ತರ ದಶಕದ ಆಫೀಸು ತಂತ್ರಾಂಶದಂತಿದೆ, ಗುಂಡಿಗಳ ಸಂತೆ. ಆದರೆ ನನ್ನ ಲ್ಯಾಪ್‌ಟಾಪಿಗೆ ಇದು ಹೂವಿನಷ್ಟು ಹಗುರ. ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕೆಯ ನಕ್ಷೆ ಮುದ್ರಿಸಲು ಇದಕ್ಕೆ ಸಾಟಿಯಿಲ್ಲ. ಸ್ಥಿರ ಆವೃತ್ತಿಗಳು ಅಪರೂಪ, ನಡುವಿನ ತಿದ್ದುಪಡಿಗಳು ಬೀಟಾದಲ್ಲಿ, ಅಂದರೆ ಪ್ರಯೋಗದ ಆವೃತ್ತಿಯಲ್ಲಿ, ಬರುತ್ತವೆ. ಕ್ಷುದ್ರಗ್ರಹಗಳ ಸ್ಥಾನವನ್ನು ತಿಂಗಳ ಮಟ್ಟಿಗೆ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವ ಅನುಕೂಲ ಇದೆ. ನೆಟ್ ಇಲ್ಲದ ಬೆಟ್ಟಕ್ಕೆ ಹೊರಡುವವರಿಗೆ ಅದು ಬುತ್ತಿ ಕಟ್ಟಿಕೊಂಡ ಹಾಗೆ. ನಾನು ಆವತ್ತು ಬುತ್ತಿ ಮರೆತಿದ್ದೆ.

ಎರಡು ಪರೀಕ್ಷೆ ಮಾಡಿದೆ. ಒಂದು ಸುಲಭದ್ದು. ಬೆಂಗಳೂರಿನಲ್ಲಿ ಏಪ್ರಿಲ್ 24ಕ್ಕೆ ಶೂನ್ಯ ನೆರಳು, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ. ಆ ಹೊತ್ತಿಗೆ ಮೂರರಲ್ಲೂ ಸೂರ್ಯನ ಎತ್ತರ 90 ಡಿಗ್ರಿಗೆ ಕೂದಲೆಳೆಯಷ್ಟು ಕಡಿಮೆ. ಇಂದಿನ ಆಕಾಶಕ್ಕೆ ಮೂರೂ ಸಮ, ಹಳೇ ಆವೃತ್ತಿಯಾದರೂ ಸಾಕು.

ಇನ್ನೊಂದು ನಿಜವಾದ ಪರೀಕ್ಷೆ. ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣದ ದಿನ ಭೂಮಿ ದತ್ತಿ ಬಿಟ್ಟ ಉಲ್ಲೇಖ ಬೇಕಾದಷ್ಟಿವೆ. ಶಕ ವರ್ಷಕ್ಕೆ 78 ಸೇರಿಸಿ ಆ ದಿನದ ಆಕಾಶ ನೋಡೋಣ ಅನ್ನುವವರಿಗೆ ಡೆಲ್ಟಾ-ಟಿ ಎಂಬ ಮುಳ್ಳೊಂದು ತಗಲುತ್ತದೆ. ಭೂಮಿ ಒಂದೇ ವೇಗದಲ್ಲಿ ತಿರುಗುತ್ತಿಲ್ಲ, ಕ್ರಿ.ಶ. 1000ರ ಸುಮಾರಿಗೆ ಲೆಕ್ಕದ ಗಡಿಯಾರಕ್ಕೂ ಭೂಮಿಯ ಗಡಿಯಾರಕ್ಕೂ ಸುಮಾರು 26 ನಿಮಿಷ ವ್ಯತ್ಯಾಸ. ಅದನ್ನು ಮರೆತರೆ ಗ್ರಹಣದ ನೆರಳು ಹಾಯುವ ದಾರಿ ನಮ್ಮ ಅಕ್ಷಾಂಶದಲ್ಲಿ 700 ಕಿಲೋಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತದೆ, ತುಂಗಭದ್ರೆಯ ದಡದ ಗ್ರಹಣ ಸಮುದ್ರದ ಪಾಲು. ಸ್ಟೆಲೇರಿಯಂನಲ್ಲಿ ಇದಕ್ಕೆ ಹತ್ತಾರು ಸೂತ್ರಗಳ ಪಟ್ಟಿಯೇ ಇದೆ, ಬೇಕಾದ್ದನ್ನು ಆರಿಸಬಹುದು. ಸ್ಕೈಚಾರ್ಟಿನಲ್ಲಿ ಸಂಖ್ಯೆಯನ್ನು ಕೈಯಾರೆ ಕೊಡಬಹುದು. ಹಿಂದೆ ಹಿಂದೆ ಹೋದಷ್ಟೂ ಸೂತ್ರಗಳ ನಡುವಿನ ಜಗಳ ಹೆಚ್ಚು, ಹಾಗಾಗಿ ಯಾವ ಆವೃತ್ತಿ, ಯಾವ ಸೂತ್ರ ಎಂದು ಬರೆದಿಟ್ಟುಕೊಳ್ಳದೆ ನಾನು ಶಾಸನದ ತಂಟೆಗೆ ಹೋಗುವುದಿಲ್ಲ. ಈ ಕೆಲಸಕ್ಕೆ ಸ್ಟೆಲೇರಿಯಂನ ಹೊಸ ಆವೃತ್ತಿಯೇ ಬೇಕು. ಗ್ರಹಣಗಳನ್ನು ಪಟ್ಟಿ ಮಾಡಿಕೊಡುವ ಸೌಕರ್ಯ ಅದಕ್ಕೆ ಈಚಿನ ವರ್ಷಗಳಲ್ಲಷ್ಟೇ ಬಂದದ್ದು.

ಈಗ ಲ್ಯಾಪ್‌ಟಾಪಿನಲ್ಲಿ ಮೂರೂ ಇವೆ. ಶಾಲೆಗೆ ಸ್ಟೆಲೇರಿಯಂ, ಮನೆಯಲ್ಲಿ ಅಂಕಿ ಹೋಲಿಸಲು ಕೆಸ್ಟಾರ್ಸ್, ಬೆಟ್ಟಕ್ಕೆ ಸ್ಕೈಚಾರ್ಟಿನಿಂದ ಮುದ್ರಿಸಿದ ನಾಲ್ಕು ಹಾಳೆ. ಒಂದನ್ನೇ ಆರಿಸು ಅಂದರೆ ಸ್ಟೆಲೇರಿಯಂ, ಆದರೆ ತೀರ ಹೊಸದಲ್ಲ, ಅದರ ಹಿಂದಿನದು. ಕೆಲಸ ಮಾಡುತ್ತಿದ್ದ ಆವೃತ್ತಿಯ ಇನ್‌ಸ್ಟಾಲರನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡೇ ಹೊಸದನ್ನು ಮುಟ್ಟುತ್ತೇನೆ, ಅದೂ ಹುಣ್ಣಿಮೆಯ ಆಸುಪಾಸಿನಲ್ಲಿ, ಹೇಗೂ ಆಗ ನೋಡಲು ಹೆಚ್ಚೇನೂ ಇರುವುದಿಲ್ಲ. ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಮಾಮ, ಹೊಸ ವರ್ಷನ್ ಬಂದೈತೆ, ಹಾಕ್ಲಾ?" ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆಗೆ ಮೂರು ದಿನ ಇತ್ತು. ಬೇಡ ಅಂದೆ.